ಫಿಸಿಯೋಥೆರಪಿ ಓದಿದವರು ನೇರವಾಗಿ ಎಂಬಿಬಿಎಸ್ ಎರಡನೇ ವರ್ಷಕ್ಕೆ ಸೇರಬಹುದೇ?

ಶಿವಮೊಗ್ಗ ನಗರದಲ್ಲಿ ಒಂದು ಹೊಸಮನೆ ಇದೆ, ಭದ್ರಾವತಿಯಲ್ಲಿ ಇನ್ನೊಂದು. ಈಚೆಗೆ ಎರಡೂ ಹೊಸಮನೆಗಳ ಪರಿಚಿತರಿಂದ ನಮಗೆ ಒಂದೇ ವಾಟ್ಸಾಪ್ ಸಂದೇಶ ಬಂತು. ಅದರ ಸಾರಾಂಶ ಇಷ್ಟು: "ಬಿಪಿಟಿ ಮುಗಿಸಿದ ಮಕ್ಕಳಿಗೆ ಸಿಹಿಸುದ್ದಿ. ಬ್ರಿಡ್ಜ್ ಕೋರ್ಸ್ ಮೂಲಕ ಎಂಬಿಬಿಎಸ್ ಎರಡನೇ ವರ್ಷಕ್ಕೆ ನೇರ ಪ್ರವೇಶ. ನೀಟ್ ಬೇಕಿಲ್ಲ. ಇಲ್ಲವೇ ವಿದೇಶದಲ್ಲಿ ಆಸ್ಟಿಯೋಪಥಿ ಓದಿ ಡಾಕ್ಟರ್ ಆಗಿ. ಸೀಟುಗಳು ಕೆಲವೇ."

ಸಂದೇಶ ಕಳಿಸಿದ ಒಬ್ಬರ ಮಗಳು ಫಿಸಿಯೋಥೆರಪಿ ಕೊನೆಯ ವರ್ಷದಲ್ಲಿದ್ದಾಳೆ. "ಸೀಟು ಹಿಡಿದಿಡಲು ಮುಂಗಡ ಕೇಳ್ತಿದ್ದಾರೆ, ಸೈಟಿನ ಮೇಲೆ ಸಾಲ ತೆಗೀಬಹುದಾ ಅಂತ ನೋಡ್ತಿದ್ದೀವಿ. ಇದು ನಿಜಾನಾ?" ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆಗಾಗಿಯೇ ಈ ಲೇಖನ.

ಮೊದಲು ಉತ್ತರ

ಇಲ್ಲ. ಭಾರತದಲ್ಲಿ ಫಿಸಿಯೋಥೆರಪಿಯಿಂದ ಎಂಬಿಬಿಎಸ್‌ಗೆ ಬ್ರಿಡ್ಜ್ ಕೋರ್ಸ್ ಇಲ್ಲ. ಎರಡನೇ ವರ್ಷಕ್ಕೆ ನೇರ ಪ್ರವೇಶವೂ ಇಲ್ಲ. ಎಂಬಿಬಿಎಸ್‌ಗೆ ಇರುವ ಬಾಗಿಲು ಒಂದೇ, ಅದು ನೀಟ್. ಸರ್ಕಾರಿ ಕಾಲೇಜಾಗಲಿ, ಖಾಸಗಿ ಕಾಲೇಜಾಗಲಿ, ಮ್ಯಾನೇಜ್‌ಮೆಂಟ್ ಸೀಟಾಗಲಿ, ಎನ್‌ಆರ್‌ಐ ಸೀಟಾಗಲಿ, ನೀಟ್‌ನಲ್ಲಿ ಅರ್ಹತೆ ಪಡೆಯದೆ ಯಾರೂ ಒಳಗೆ ಹೋಗುವಂತಿಲ್ಲ. ಒಳಗೆ ಹೋದವರೆಲ್ಲ ಮೊದಲ ವರ್ಷದಿಂದಲೇ ಓದಬೇಕು. ಬಿಪಿಟಿಯಲ್ಲಿ ಅನಾಟಮಿ, ಫಿಸಿಯಾಲಜಿ ಪಾಸಾಗಿದ್ದರೂ ಅಲ್ಲಿ ಮತ್ತೆ ಬರೆದು ಪಾಸಾಗಬೇಕು.

ಹಾಗಾದರೆ ಜನ ಇದನ್ನು ನಂಬುವುದೇಕೆ?

ನಂಬುವವರು ದಡ್ಡರಲ್ಲ. ನಂಬಲು ಅವರಿಗೆ ಮೂರು ಒಳ್ಳೆಯ ಕಾರಣಗಳಿವೆ.

ಮೊದಲನೆಯದು, ಬೇರೆ ಕೋರ್ಸುಗಳಲ್ಲಿ ಇಂಥ ದಾರಿ ನಿಜವಾಗಿಯೂ ಇದೆ. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರುತ್ತಾರೆ. ಕಾರ್ಖಾನೆಗಳ ಊರಾದ ಭದ್ರಾವತಿಯಲ್ಲಿ ಹೀಗೆ ಓದಿದವರು ಬೀದಿಗೊಬ್ಬರು ಸಿಗುತ್ತಾರೆ. ಜಿಎನ್‌ಎಂ ನರ್ಸಿಂಗ್ ಓದಿದವರಿಗೂ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್ ಇದೆ. ಅಲ್ಲಿ ಆಗುವುದು ಇಲ್ಲಿ ಯಾಕಾಗಬಾರದು ಎಂದು ಅನ್ನಿಸುವುದು ಸಹಜ. ವ್ಯತ್ಯಾಸ ಇಷ್ಟೇ: ಅವು ಒಂದೇ ವೃತ್ತಿಯ ಕೆಳಗಿನ ಮತ್ತು ಮೇಲಿನ ಮೆಟ್ಟಿಲುಗಳು. ಫಿಸಿಯೋಥೆರಪಿ ಮತ್ತು ವೈದ್ಯಕೀಯ ಎರಡು ಬೇರೆ ವೃತ್ತಿಗಳು. ಎರಡಕ್ಕೂ ಬೇರೆ ಕಾನೂನು, ಬೇರೆ ಆಯೋಗ. ಎಂಬಿಬಿಎಸ್ ನೋಡಿಕೊಳ್ಳುವುದು 2019ರ ಕಾಯ್ದೆಯಿಂದ ಬಂದ ರಾಷ್ಟ್ರೀಯ ವೈದ್ಯಕೀಯ ಆಯೋಗ, ಅಂದರೆ ಎನ್‌ಎಂಸಿ. ಫಿಸಿಯೋಥೆರಪಿ ಬರುವುದು 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆಯ ಕೆಳಗೆ.

ಎರಡನೆಯದು, 'ಬ್ರಿಡ್ಜ್ ಕೋರ್ಸ್' ಎಂಬ ಮಾತು ಸುದ್ದಿಯಲ್ಲಿ ಬಂದಿದ್ದು ನಿಜ. 2017ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ವೈದ್ಯಕೀಯ ಆಯೋಗ ಮಸೂದೆಯಲ್ಲಿ ಅಂಥ ಒಂದು ಪ್ರಸ್ತಾವವಿತ್ತು. ಆದರೆ ಅದು ಆಯುಷ್ ವೈದ್ಯರಿಗೆ ಸಂಬಂಧಿಸಿದ್ದು. ಕೆಲವು ಅಲೋಪಥಿ ಔಷಧಿಗಳನ್ನು ಬರೆಯಲು ಅವರಿಗೆ ಅವಕಾಶ ಕೊಡುವುದು ಅದರ ಉದ್ದೇಶವಾಗಿತ್ತು. ಅದರಿಂದ ಎಂಬಿಬಿಎಸ್ ಪದವಿ ಸಿಗುತ್ತಿರಲಿಲ್ಲ, ಫಿಸಿಯೋಥೆರಪಿಸ್ಟರ ಹೆಸರೂ ಅದರಲ್ಲಿರಲಿಲ್ಲ. ವೈದ್ಯರು ಪ್ರತಿಭಟಿಸಿದರು, ಸಂಸದೀಯ ಸಮಿತಿ ಪರಿಶೀಲಿಸಿತು, 2018ರ ಮಾರ್ಚಿನಲ್ಲಿ ಕೇಂದ್ರ ಸಂಪುಟ ಆ ಅಂಶವನ್ನೇ ಕೈಬಿಟ್ಟಿತು. ಪ್ರಸ್ತಾವ ಸತ್ತರೂ ಫಾರ್ವರ್ಡ್ ಮಾತ್ರ ಬದುಕಿಕೊಂಡಿದೆ.

ಮೂರನೆಯದು, 'ಡಾ.' ಎಂಬ ಅಕ್ಷರದ ಗೊಂದಲ. 2025ರಲ್ಲಿ ಬಂದ ಫಿಸಿಯೋಥೆರಪಿಯ ಹೊಸ ಪಠ್ಯಕ್ರಮದಲ್ಲಿ, ಹೆಸರಿನ ಮುಂದೆ 'ಡಾ.' ಮತ್ತು ಕೊನೆಗೆ 'ಪಿಟಿ' ಎಂದು ಬರೆದುಕೊಳ್ಳುವ ಮಾತಿತ್ತು. ಆ ವರ್ಷದ ಸೆಪ್ಟೆಂಬರ್ 9ರಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು 'ಡಾ.' ತೆಗೆಯಬೇಕೆಂದು ಪತ್ರ ಬರೆಯಿತು. ಮರುದಿನವೇ, ವಿಷಯ ಇನ್ನಷ್ಟು ಪರಿಶೀಲಿಸಬೇಕಿದೆ ಎಂದು ಆ ಪತ್ರವನ್ನು ಹಿಂದಕ್ಕೆ ಪಡೆಯಿತು. ಗ್ರೂಪುಗಳಲ್ಲಿ ಇದು ಹರಡಿದ್ದು ಮಾತ್ರ "ಫಿಸಿಯೋದವರೂ ಈಗ ಡಾಕ್ಟರು" ಎಂದು. ಜಗಳ ಇದ್ದದ್ದು ಹೆಸರಿನ ಮುಂದಿನ ಅಕ್ಷರದ ಬಗ್ಗೆ. ಅದರಿಂದ ಯಾರ ಪದವಿಯೂ ಎಂಬಿಬಿಎಸ್ ಆಗಲಿಲ್ಲ.

ನಿಜವಾದ ದಾರಿ ಎಷ್ಟು ಉದ್ದ?

ಇಷ್ಟೆಲ್ಲ ಆದಮೇಲೂ ಒಂದು ನಿಜವಾದ ಸಿಹಿಸುದ್ದಿ ಇದೆ. ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. 2022ರಲ್ಲಿ ನೀಟ್‌ಗೆ ಇದ್ದ ಗರಿಷ್ಠ ವಯಸ್ಸಿನ ಮಿತಿಯನ್ನು ತೆಗೆದುಹಾಕಲಾಗಿದೆ. ಇಷ್ಟೇ ಸಲ ಬರೆಯಬೇಕೆಂಬ ಮಿತಿಯೂ ಇಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದ್ದರೆ, ಬಿಪಿಟಿ ಮುಗಿಸಿದ ಮೇಲೂ ನೀಟ್ ಬರೆಯಬಹುದು. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ.

ಈಗ ಲೆಕ್ಕ ಹಾಕೋಣ. 18ಕ್ಕೆ ಪಿಯುಸಿ. ಹಳೆಯ ಪಠ್ಯಕ್ರಮದಂತೆ ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷದ ಬಿಪಿಟಿ ಮುಗಿಯುವಾಗ ಇಪ್ಪತ್ತೆರಡೂವರೆ. ಮರೆತುಹೋದ ಭೌತಶಾಸ್ತ್ರವನ್ನು ಮತ್ತೆ ಕಲಿತು ನೀಟ್ ಬರೆಯಲು ಒಂದು ವರ್ಷ. ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಅಲ್ಲಿಗೆ ವಯಸ್ಸು 29. ಪಿಜಿ ಮಾಡಿದರೆ ಇನ್ನೂ ಮೂರು ವರ್ಷ, ಅಂದರೆ 32. ಇದು ಒಂದೇ ಸಲಕ್ಕೆ ನೀಟ್‌ನಲ್ಲಿ ಒಳ್ಳೆಯ ರ‍್ಯಾಂಕ್ ಬಂದರೆ ಮಾತ್ರ.

ಅಸಾಧ್ಯವೇನಲ್ಲ. ಬಿಪಿಟಿಯ ಅಂಕಪಟ್ಟಿ ಅಲ್ಲಿ ಲೆಕ್ಕಕ್ಕೆ ಬರದಿದ್ದರೂ ಕಲಿತದ್ದು ಕೈಬಿಡುವುದಿಲ್ಲ. ಸ್ನಾಯು, ನರ, ಕೀಲುಗಳ ಪಾಠ ಹೊಸದೆನಿಸುವುದಿಲ್ಲ. ಲಕ್ವ ಹೊಡೆದವರನ್ನು ಹಾಸಿಗೆಯಿಂದ ಎಬ್ಬಿಸಿ ಕೂರಿಸಿದ ಅನುಭವ ಇರುತ್ತದೆ. ಮುಂದೆ ಫಿಸಿಕಲ್ ಮೆಡಿಸಿನ್ ಮತ್ತು ರಿಹ್ಯಾಬಿಲಿಟೇಶನ್‌ನಲ್ಲಿ ಎಂಡಿ ಮಾಡುವವರಿಗೆ ಇದು ದೊಡ್ಡ ಆಸ್ತಿ.

ವಿದೇಶದ 'ಶಾರ್ಟ್‌ಕಟ್'

"ವಿದೇಶದಲ್ಲಿ ನಿಮ್ಮ ಬಿಪಿಟಿಗೆ ಎರಡು ವರ್ಷ ವಿನಾಯಿತಿ ಕೊಡುತ್ತಾರೆ" ಎನ್ನುವ ಏಜೆಂಟರಿದ್ದಾರೆ. ಇಲ್ಲಿ ಕಿವಿ ನೆಟ್ಟಗೆ ಮಾಡಿ. 2021ರ ನವೆಂಬರಿನಲ್ಲಿ ಎನ್‌ಎಂಸಿ ತಂದ ನಿಯಮದ ಪ್ರಕಾರ, ವಿದೇಶದಲ್ಲಿ ಓದಿ ಬಂದವರಿಗೆ ಇಲ್ಲಿ ನೋಂದಣಿ ಸಿಗಬೇಕಾದರೆ ಕೋರ್ಸ್ ಕನಿಷ್ಠ 54 ತಿಂಗಳಿರಬೇಕು. ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು. ಪಾಠ ಇಂಗ್ಲಿಷಿನಲ್ಲಿ ನಡೆದಿರಬೇಕು. ಹೊರಡುವ ಮುನ್ನ ನೀಟ್ ಅರ್ಹತೆ ಇರಬೇಕು, ಬಂದ ಮೇಲೆ ಅರ್ಹತಾ ಪರೀಕ್ಷೆ ಪಾಸಾಗಬೇಕು.

ಈಗ ನೀವೇ ನೋಡಿ. ಎರಡು ವರ್ಷ ವಿನಾಯಿತಿ ಸಿಕ್ಕಿ ಕೋರ್ಸ್ 54 ತಿಂಗಳಿಗಿಂತ ಕಡಿಮೆಯಾದರೆ, ಆ ಪದವಿ ಇಲ್ಲಿ ನಡೆಯುವುದಿಲ್ಲ. ಏಜೆಂಟ್ ಲಾಭ ಎಂದು ಮಾರುವುದೇ ನಿಮ್ಮ ನೋಂದಣಿಗೆ ಕುತ್ತು.

ಆಸ್ಟಿಯೋಪಥಿ ಎಂದರೇನು?

ಈ ಒಂದು ಪದಕ್ಕೆ ದೇಶಕ್ಕೊಂದು ಅರ್ಥ. ಅಮೆರಿಕದ ವೈದ್ಯ ಆಂಡ್ರ್ಯೂ ಟೇಲರ್ ಸ್ಟಿಲ್ 1864ರಲ್ಲಿ ಮೆದುಳುಪೊರೆಯ ಜ್ವರದಿಂದ ಮೂವರು ಮಕ್ಕಳನ್ನು ಕಳೆದುಕೊಂಡರು. ಅಂದಿನ ಔಷಧಿಗಳ ಮೇಲೆ ನಂಬಿಕೆ ಹೋಗಿ, ಮೂಳೆ ಮತ್ತು ಸ್ನಾಯುಗಳನ್ನು ಕೈಯಿಂದ ಸರಿಪಡಿಸುವ ಪದ್ಧತಿಯನ್ನು 1874ರಲ್ಲಿ ಮುಂದಿಟ್ಟರು. 1892ರಲ್ಲಿ ಮಿಸ್ಸೂರಿಯ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಶಾಲೆ ತೆರೆದರು. ಮುಂದೆ ಅಮೆರಿಕದ ಆ ಶಾಲೆಗಳು ಔಷಧಿ, ಶಸ್ತ್ರಚಿಕಿತ್ಸೆ ಎಲ್ಲವನ್ನೂ ಕಲಿಸತೊಡಗಿದವು. ಇಂದು ಅಲ್ಲಿ 'ಡಿಒ' ಪದವಿ ಪಡೆದವರು ಎಂಡಿಗಳಿಗೆ ಸಮಾನರಾದ ಪೂರ್ಣ ವೈದ್ಯರು. 2020ರಿಂದ ಇಬ್ಬರಿಗೂ ರೆಸಿಡೆನ್ಸಿ ತರಬೇತಿಯ ವ್ಯವಸ್ಥೆ ಒಂದೇ.

ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಹಾಗಲ್ಲ. ಅಲ್ಲಿನ ಆಸ್ಟಿಯೋಪಾಥ್‌ಗಳು ಕೈಚಿಕಿತ್ಸೆ ಮಾಡುವ ನೋಂದಾಯಿತ ವೃತ್ತಿಪರರು, ಆದರೆ ಎಂಬಿಬಿಎಸ್ ವೈದ್ಯರಂತಲ್ಲ. ಭಾರತದಲ್ಲೂ ಆಸ್ಟಿಯೋಪಥಿಯ ಕೋರ್ಸ್ ಮಾಡಿದ ಮಾತ್ರಕ್ಕೆ ಯಾರೂ ಎಂಬಿಬಿಎಸ್ ವೈದ್ಯರಾಗುವುದಿಲ್ಲ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗ ಫಿಸಿಯೋಥೆರಪಿಸ್ಟ್ ಒಬ್ಬರು ಡಿಒ ಆಗಲು ಹೊರಟರೆ? ದಾರಿ ಇದೆ, ಅಡ್ಡದಾರಿ ಇಲ್ಲ. ಎಂಕ್ಯಾಟ್ ಪರೀಕ್ಷೆ ಬರೆಯಬೇಕು, ರಸಾಯನಶಾಸ್ತ್ರ, ಭೌತಶಾಸ್ತ್ರಗಳ ಪೂರ್ವಪಾಠ ಮುಗಿಸಿರಬೇಕು, ನಾಲ್ಕು ವರ್ಷ ಕಾಲೇಜು, ಆಮೇಲೆ ಕನಿಷ್ಠ ಮೂರು ವರ್ಷ ರೆಸಿಡೆನ್ಸಿ. ಪೆನ್ಸಿಲ್ವೇನಿಯಾದ ಲೇಕ್ ಈರಿ ಕಾಲೇಜಿನಲ್ಲಿ ಮೂರೇ ವರ್ಷದ ಒಂದು ಡಿಒ ಕೋರ್ಸ್ ಇದೆ. ಅದು ಫಿಸಿಷಿಯನ್ ಅಸಿಸ್ಟೆಂಟ್‌ಗಳಿಗೆ, ಫಿಸಿಯೋಥೆರಪಿಸ್ಟರಿಗಲ್ಲ. ಹೆಸರಿನ ಹೋಲಿಕೆಯಿಂದ ಮೋಸಹೋಗಬೇಡಿ.

ಬದಲಾಗುವ ಆಸೆ ತಪ್ಪಲ್ಲ

ನಮ್ಮ ಊರಿನ ಫಿಸಿಯೋಥೆರಪಿಸ್ಟರನ್ನು ಕೇಳಿದರೆ ಬದಲಾಗಬೇಕೆನ್ನುವ ಕಾರಣಗಳು ಬೇಗ ಹೊರಬರುತ್ತವೆ. ಆರಂಭದ ಸಂಬಳ ಕಡಿಮೆ. "ಮಸಾಜ್ ಮಾಡೋರಾ?" ಎಂದು ಕೇಳುವವರು ಇನ್ನೂ ಇದ್ದಾರೆ. ಇವು ನಿಜವಾದ ನೋವುಗಳು. ಆದರೆ ನೋವಿನ ಕಾರಣ ಯಾವುದೆಂದು ನೋಡಿಕೊಳ್ಳುವುದು ಒಳ್ಳೆಯದು. ರೋಗ ಪತ್ತೆಹಚ್ಚಿ ಔಷಧಿ ಕೊಡುವ, ಆಪರೇಷನ್ ಮಾಡುವ ಕೆಲಸವೇ ಬೇಕು ಎನ್ನುವವರಿಗೆ ನೀಟ್ ಬಿಟ್ಟು ಬೇರೆ ದಾರಿಯಿಲ್ಲ. ಮರ್ಯಾದೆ, ಸಂಬಳವಷ್ಟೇ ಕೊರಗಾದರೆ ಎರಡು ವರ್ಷದ ಎಂಪಿಟಿ, ನರರೋಗ ಅಥವಾ ಕ್ರೀಡಾ ಫಿಸಿಯೋಥೆರಪಿ, ಸಾರ್ವಜನಿಕ ಆರೋಗ್ಯದ ಓದು ಹತ್ತಿರದ ದಾರಿಗಳು. ಅದಿರಿನ ಕುಲುಮೆ, ಕಾಗದದ ಯಂತ್ರಗಳ ಮುಂದೆ ಬಾಳು ಸವೆಸಿದವರ ಬೆನ್ನು, ಮಂಡಿಗಳಿರುವ ಭದ್ರಾವತಿಯಲ್ಲಿ ಒಳ್ಳೆಯ ಫಿಸಿಯೋಥೆರಪಿಸ್ಟ್‌ಗೆ ಕೆಲಸವೇನೂ ಕಡಿಮೆಯಿಲ್ಲ.

ನಕಲಿ ದಾರಿಯ ಬೆಲೆ ಹಣ ಮಾತ್ರವಲ್ಲ. ನೋಂದಣಿ ಇಲ್ಲದೆ ವೈದ್ಯವೃತ್ತಿ ಮಾಡಿದರೆ ಎನ್‌ಎಂಸಿ ಕಾಯ್ದೆಯ ಪ್ರಕಾರ ಒಂದು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಶಿಕ್ಷೆ ಆಗುವುದು ಸೀಟು ಮಾರಿದ ಏಜೆಂಟನಿಗಲ್ಲ, ಬೋರ್ಡು ಹಾಕಿಕೊಂಡ ಹುಡುಗ ಅಥವಾ ಹುಡುಗಿಗೆ.

ಫಾರ್ವರ್ಡ್ ಮಾಡುವ ಮುನ್ನ

ಇಂಥ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿ. ನೀಟ್ ಬೇಡ ಎನ್ನುತ್ತಿದ್ದಾರೆಯೇ? ಹಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಆದೇಶದ ಪ್ರತಿ ಎನ್‌ಎಂಸಿ ಅಥವಾ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಇದೆಯೇ? ಇಲ್ಲದಿದ್ದರೆ ಅದು ಆದೇಶವೇ ಅಲ್ಲ. ಇಂದೇ ಮುಂಗಡ ಕೊಡಿ ಎಂದು ಅವಸರ ಮಾಡುತ್ತಿದ್ದಾರೆಯೇ? ನಿಜವಾದ ಸೀಟು ಕೌನ್ಸೆಲಿಂಗ್‌ನಲ್ಲಿ ಹಂಚಿಕೆಯಾಗುತ್ತದೆ, ಫೋನಿನಲ್ಲಲ್ಲ.

ಹೊಸಮನೆಯ ಆ ತಾಯಿಗೆ ನಾವು ಇಷ್ಟನ್ನೇ ಹೇಳಿದೆವು. ಸೈಟಿನ ಕಾಗದ ಬೀರುವಿನಲ್ಲೇ ಉಳಿಯಿತು. ಮಗಳು ಮೊದಲು ಇಂಟರ್ನ್‌ಶಿಪ್ ಮುಗಿಸಿ, ಆಮೇಲೆ ನೀಟೋ ಎಂಪಿಟಿಯೋ ಎಂದು ತೀರ್ಮಾನಿಸುತ್ತಾಳಂತೆ. ನಿಮ್ಮ ಗ್ರೂಪಿಗೂ ಆ ಸಂದೇಶ ಬಂದಿದ್ದರೆ, ಅದರ ಕೆಳಗೆ ಈ ಲೇಖನವನ್ನೂ ಹಾಕಿಬಿಡಿ.