ಹೊರಗೆ ಹಲಗೆ, ಒಳಗೆ ಬಿಲ್ಲು

ನಮ್ಮ ಅವ್ವನಿಗೆ ಎಪ್ಪತ್ತೆಂಟು ವರ್ಷ. ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು. ಬೆಳಗಿನ ಪತ್ರಿಕೆಯನ್ನು ಮೊದಲ ಪುಟದಿಂದ ನಿಧನವಾರ್ತೆಯವರೆಗೆ ಬಿಡದೆ ಓದುತ್ತಾಳೆ. ಶ್ರಾವಣದಲ್ಲಿ ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಪುರಾಣ ಓದಿ ಹೇಳುತ್ತಾಳೆ. ಇಂಥವಳು ಕಳೆದ ತಿಂಗಳು ಗೇಣುದ್ದದ ಕಾಗದವೊಂದನ್ನು ನನ್ನ ಮುಂದೆ ಹಿಡಿದು, “ಏನ್ ಬರದಾರೋ ತಮ್ಮಾ ಇದರಾಗ? ನನಗ ಓದಾಕ ಬರತೈತಿ ಅಂತ ಇಷ್ಟ ದಿನಾ ತಿಳಕೊಂಡಿದ್ನಿ” ಎಂದಳು.

ಮಾತು ನಗುತ್ತಲೇ ಆಡಿದ್ದು. ನನಗೆ ಮಾತ್ರ ನಗು ಬರಲಿಲ್ಲ.

ಸಂಗತಿ ಇಷ್ಟೆ. ಗಲಗಲಿಯಿಂದ ನಾವು ಸಂತೆ ಸರಕಿಗೆ ಹೋಗುವ ಊರೊಂದರಲ್ಲಿ ದೊಡ್ಡದೊಂದು ಸರಣಿ ಅಂಗಡಿ ತೆರೆದಿದೆ. ತಣ್ಣಗಿನ ಗಾಳಿ, ಸಾಲು ಸಾಲು ಕಪಾಟು, ನಾವೇ ಎತ್ತಿ ಬುಟ್ಟಿಗೆ ಹಾಕಿಕೊಳ್ಳುವ ಸ್ವಾತಂತ್ರ್ಯ. ಅವ್ವನೂ ನೋಡಬೇಕೆಂದಳು, ಹೋದೆವು. ದುಡ್ಡು ಕೊಡುವ ಕಟ್ಟೆಯ ಹತ್ತಿರ ಹುಡುಗನೊಬ್ಬ, “ಅಮ್ಮಾರ, ಮೊಬೈಲ್ ನಂಬರ್ ಹೇಳ್ರಿ” ಎಂದ. “ಯಾಕಪ್ಪಾ? ರೊಕ್ಕಾ ಕೊಡತೀನಲ್ಲ” ಎಂದಳು ಅವ್ವ. “ನಂಬರ್ ಹಾಕಲಿಲ್ಲಂದ್ರ ಬಿಲ್ ಮುಂದಕ್ಕ ಹೋಗೂದಿಲ್ರಿ.” ಅವ್ವ ನಂಬರು ಹೇಳಿದಳು. ಮನೆಗೆ ಬಂದು ನಾನು ಬಿಲ್ಲು ಓದಿ ನೋಡಿದರೆ, ಕೊಂಡದ್ದು ಶೇಂಗಾ ಎಣ್ಣೆಯ ಒಂದು ಪಾಕೀಟು, ಬರೆದದ್ದು ಎರಡು. ಅದನ್ನು ಕಂಡುಹಿಡಿಯಲು ನನಗೂ ಹೊತ್ತು ಹಿಡಿಯಿತು. ಅದು ಇಂಗ್ಲಿಷೂ ಅಲ್ಲ. ಸ್ವರಗಳನ್ನು ಕಿತ್ತು, ಬಾಲ ಕತ್ತರಿಸಿ, ಹನ್ನೆರಡು ಹದಿನೈದು ಅಕ್ಷರಗಳಲ್ಲಿ ತುರುಕಿದ ಇಂಗ್ಲಿಷಿನ ಅವಶೇಷ. ಎಂ.ಎ. ಮಾಡಿದವನೇ ತಡವರಿಸಿದ ಮೇಲೆ ಏಳನೆಯ ಇಯತ್ತೆಯವಳ ಪಾಡೇನು?

ಹುಡುಗ ಮೋಸ ಮಾಡಿದನೆಂದು ನಾನು ಹೇಳುವುದಿಲ್ಲ. ಪಾಕೀಟು ಬೆಳಕಿನ ಕಣ್ಣಿನ ಮುಂದೆ ಎರಡು ಸಲ ಹಾಯಿತು, ಯಂತ್ರ ಎರಡು ಸಲ ಕೂಗಿತು, ಕೈತಪ್ಪು. ಮರುವಾರ ಹೋದಾಗ ದುಡ್ಡನ್ನೂ ಮರಳಿಸಿದರು. ಆದರೆ ಕೈತಪ್ಪನ್ನು ಹಿಡಿಯಬೇಕಾದವರು ಯಾರು? ಕೊಂಡವರು. ಅವರ ಕೈಯಲ್ಲಿರುವ ಒಂದೇ ಸಾಕ್ಷಿ ಬಿಲ್ಲು. ಆ ಸಾಕ್ಷಿಗೆ ಕನ್ನಡ ಬಾರದು. ನಮ್ಮ ಓಣಿಯ ಕಿರಾಣಿ ಅಂಗಡಿಯ ಚೀಟಿಯನ್ನು ಅವ್ವ ಐವತ್ತು ವರ್ಷ ಹೆಬ್ಬೆರಳಿನ ಉಗುರಿನಿಂದ ಒಂದೊಂದೇ ಸಾಲು ಒತ್ತಿ ತಾಳೆ ನೋಡಿದ್ದಾಳೆ: ಸಕ್ಕರೆ, ಬೆಲ್ಲ, ತೊಗರಿಬೇಳೆ, ಶೇಂಗಾ. ಎಷ್ಟೋ ಸಲ ಅಂಗಡಿಯವರ ಲೆಕ್ಕ ತಿದ್ದಿಸಿದ್ದಾಳೆ. ಆ ಉಗುರಿಗೆ ಈಗ ಕೆಲಸವಿಲ್ಲ.

ಹಳೆಯ ಕಿರಾಣಿ ಅಂಗಡಿಯನ್ನು ಸ್ವರ್ಗವೆಂದು ಹಾಡಿ ಹೊಗಳುವ ಉದ್ದೇಶ ನನಗಿಲ್ಲ. ಉದ್ರಿಯ ಖಾತೆಯಲ್ಲಿ ಬಡವರನ್ನು ಅರೆದವರೂ ಉಂಟು, ತೂಕದಲ್ಲಿ ಹೆಬ್ಬೆರಳು ಇಟ್ಟವರೂ ಉಂಟು. ಹೊಸ ಅಂಗಡಿಯ ಯಂತ್ರ ವ್ಯವಸ್ಥೆಯನ್ನು ನಾನು ದ್ವೇಷಿಸುವುದಿಲ್ಲ. ಅದರ ಜಾಣ್ಮೆಗೆ ಬೆರಗಾಗಿದ್ದೇನೆ. ಬೆರಗಾದುದರಿಂದಲೇ ಈ ಜಗಳ.

ಪಾಕೀಟಿನ ಬೆನ್ನ ಮೇಲಿನ ಆ ಕಪ್ಪು ಗೆರೆಗಳನ್ನು ನೋಡಿರಿ. ಅಮೆರಿಕದ ವುಡ್‌ಲ್ಯಾಂಡ್ ಎಂಬಾತ ಸಮುದ್ರದ ದಂಡೆಯಲ್ಲಿ ಕುಳಿತು, ತಂತಿ ಸುದ್ದಿಯ ಚುಕ್ಕೆ-ಗೀಟುಗಳನ್ನು ಮರಳಿನ ಮೇಲೆ ಬೆರಳಿನಿಂದ ಉದ್ದಕ್ಕೆ ಎಳೆದಾಗ ಈ ಯೋಚನೆ ಹೊಳೆಯಿತಂತೆ. 1952ರಲ್ಲಿ ಆತನಿಗೂ ಗೆಳೆಯ ಸಿಲ್ವರನಿಗೂ ಅದರ ಹಕ್ಕುಪತ್ರ ದೊರೆಯಿತು. 1974ರ ಜೂನ್ 26ರಂದು ಓಹಾಯೊ ಪ್ರಾಂತದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಚೂಯಿಂಗ್ ಗಮ್ಮಿನ ಒಂದು ಕಟ್ಟು ಮೊದಲ ಸಲ ಈ ಗೆರೆಗಳ ಬಲದಿಂದ ಮಾರಾಟವಾಯಿತು. ಛಂದಸ್ಸು ಕಲಿಸುವವನಾದ ನನಗೆ ಇವು ಲಘು ಗುರುಗಳ ಪ್ರಸ್ತಾರದಂತೆ ಕಾಣುತ್ತವೆ. ತೆಳು ಗೆರೆ, ದಪ್ಪ ಗೆರೆ. ಅವುಗಳ ಅಳತೆಯಲ್ಲಿ 13 ಅಂಕಿಗಳು. ಭಾರತದ ಸಂಸ್ಥೆಯಲ್ಲಿ ನೋಂದಾಯಿಸಿದ ಸರಕಾದರೆ ಮೊದಲಿಗೆ 890. ಕೊನೆಯ ಅಂಕಿ ಕಾವಲುಗಾರ: ಹಿಂದಿನ ಹನ್ನೆರಡರಲ್ಲಿ ಒಂದು ಬಿಟ್ಟು ಒಂದನ್ನು ಮೂರರಿಂದ ಗುಣಿಸಿ ಕೂಡಿದರೆ ಅದು ತಾಳೆಯಾಗಬೇಕು, ಆಗದಿದ್ದರೆ ಯಂತ್ರ ಆ ಸಂಖ್ಯೆಯನ್ನು ಒಪ್ಪುವುದಿಲ್ಲ.

ಇಲ್ಲೊಂದು ಮುಖ್ಯ ಮಾತನ್ನು ವಾಚಕರು ಗಮನಿಸಬೇಕು. ಆ ಗೆರೆಗಳಲ್ಲಿ ಸರಕಿನ ಹೆಸರೂ ಇಲ್ಲ, ಬೆಲೆಯೂ ಇಲ್ಲ. ಇರುವುದು ಬರಿಯ ಸಂಖ್ಯೆ. ಹೆಸರು, ಬೆಲೆ, ತೆರಿಗೆ ಎಲ್ಲವೂ ಅಂಗಡಿಯವರ ಸ್ವಂತ ಪಟ್ಟಿಯಲ್ಲಿವೆ. ಯಂತ್ರ ಸಂಖ್ಯೆಯನ್ನು ಓದಿ, ಪಟ್ಟಿಯಲ್ಲಿ ಹುಡುಕಿ, ಎದುರಿಗಿರುವ ಹೆಸರನ್ನು ಕಾಗದಕ್ಕೆ ಇಳಿಸುತ್ತದೆ. ಅದೇ ಕ್ಷಣದಲ್ಲಿ ದಾಸ್ತಾನಿನಲ್ಲಿ ಒಂದನ್ನು ಕಳೆಯುತ್ತದೆ. ದಾಸ್ತಾನು ಇಳಿದಾಗ ದೂರದ ಗೋದಾಮಿಗೆ ಬೇಡಿಕೆ ಕಳಿಸುತ್ತದೆ. ಸಂಖ್ಯೆಗೆ ಜಾತಿಯಿಲ್ಲ, ಭಾಷೆಯಿಲ್ಲ. ಭಾಷೆ ಬರುವುದು ಆ ಪಟ್ಟಿಯ ಹೆಸರಿನ ಅಂಕಣದಲ್ಲಿ. ಇಂಗ್ಲಿಷ್ ಹೆಸರಿನ ಪಕ್ಕದಲ್ಲಿ ಕನ್ನಡದ ಇನ್ನೊಂದು ಅಂಕಣ ಹಾಕಿದರೆ ಮುಗಿಯಿತು. ಒಂದು ಸರಕಿಗೆ ಒಂದೇ ಸಲ ಬರೆದರೆ ಆ ಸರಣಿಯ ಎಲ್ಲ ಅಂಗಡಿಗಳಿಗೂ ಅದೇ ಸಾಕು.

ಅಂಗಡಿಯ ವ್ಯವಸ್ಥಾಪಕರ ಹತ್ತಿರ ಈ ಮಾತೆತ್ತಿದೆ. ಒಳ್ಳೆಯ ಮನುಷ್ಯ. “ನಮ್ಮ ಕೈಯಾಗೇನೈತ್ರಿ ಸರ? ಎಲ್ಲಾ ಹೆಡ್ ಆಫೀಸಿನವರು ಮಾಡೂದು. ಮಶೀನಿಗೆ ಕನ್ನಡ ಬರೂದಿಲ್ರಿ” ಎಂದರು. ಮೊದಲ ಮಾತು ನಿಜ. ಎರಡನೆಯದು ಸುಳ್ಳು, ಅವರ ಸುಳ್ಳಲ್ಲ, ಅವರಿಗೆ ಯಾರೋ ಕಲಿಸಿದ ಸುಳ್ಳು.

ಯಂತ್ರಕ್ಕೆ ಕನ್ನಡ ಬಾರದೆ? 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿ ಹೊರಬಂದಾಗಲೇ ಅದರಲ್ಲಿ ಕನ್ನಡಕ್ಕೆ ಸ್ಥಾನವಿತ್ತು. ಭೂಮಿ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿ ಕಾಲು ಶತಮಾನವಾಗುತ್ತ ಬಂತು. ನಮ್ಮ ಭಾಗದ ರೈತ ತಾಲೂಕು ಕಚೇರಿಯಲ್ಲಿ ನಿಂತು ತನ್ನ ಉತಾರವನ್ನು ಅಚ್ಚುಕಟ್ಟಾದ ಕನ್ನಡದಲ್ಲಿ ಪಡೆಯುತ್ತಾನೆ. ಸಾರಿಗೆ ಬಸ್ಸಿನ ಕಂಡಕ್ಟರರ ಕೈಯ ಪುಟ್ಟ ಯಂತ್ರ ಕನ್ನಡದಲ್ಲಿ ಟಿಕೀಟು ಕೊಡುತ್ತದೆ. ಬಿಲ್ಲು ಹೊರಡಿಸುವ ಯಂತ್ರದಲ್ಲಾದರೂ ಹಿಂದಿನ ಮುದ್ರಣಾಲಯದ ಹಾಗೆ ಅಚ್ಚಿನ ಮೊಳೆಗಳಿವೆಯೆ, ಕನ್ನಡದ ಮೊಳೆ ಸಿಗಲಿಲ್ಲವೆನ್ನಲು? ಕಾಗದಕ್ಕೆ ಶಾಖ ಮುಟ್ಟಿಸಿ ಚುಕ್ಕೆ ಮೂಡಿಸುವುದಷ್ಟೇ ಅದರ ಕೆಲಸ. ಚುಕ್ಕೆಗಳಿಂದ ಅಂಗಡಿಯ ಲಾಂಛನ ಮೂಡುವುದಾದರೆ ‘ಶೇಂಗಾ ಎಣ್ಣೆ’ ಮೂಡದೆ?

ಇನ್ನೊಂದು ವಾದವುಂಟು: “ಸಾವಿರಾರು ಸರಕು, ಹತ್ತಾರು ರಾಜ್ಯ, ಒಂದೊಂದು ಭಾಷೆಗೂ ಬರೆಯುತ್ತ ಕೂಡುವುದು ಆಗುವ ಕೆಲಸವೆ?” ಈ ವಾದವನ್ನು ಬೇರೆ ಯಾರಾದರೂ ಹೂಡಿದ್ದರೆ ಒಪ್ಪುತ್ತಿದ್ದೆ. ಆದರೆ ಇಂಥ ವ್ಯಾಪಾರದ ಸಾಮರ್ಥ್ಯವೆಂಥದು? ವಾಲ್‌ಮಾರ್ಟ್ ಕಂಪನಿ 1987ರಲ್ಲೇ ಉಪಗ್ರಹದ ಮೂಲಕ ತನ್ನ ಅಂಗಡಿಗಳನ್ನು ಮುಖ್ಯ ಕಚೇರಿಗೆ ಜೋಡಿಸಿತು. 2004ರಲ್ಲಿ ಫ್ಲಾರಿಡಾದ ಕಡೆಗೆ ಬಿರುಗಾಳಿ ಬರುತ್ತಿದ್ದಾಗ, ಹಿಂದಿನ ಬಿರುಗಾಳಿಯ ಹೊತ್ತಿನಲ್ಲಿ ಜನ ಏನು ಕೊಂಡಿದ್ದರೆಂದು ಅವರು ತಮ್ಮ ಲೆಕ್ಕದಲ್ಲಿ ಹುಡುಕಿಸಿದರು. ಸ್ಟ್ರಾಬೆರಿ ಹೂರಣದ ಒಂದು ತಿನಿಸು ಎಂದಿನ 7 ಪಟ್ಟು ಮಾರಾಟವಾಗುತ್ತದೆಂದು ತಿಳಿಯಿತು; ಲಾರಿಗಳು ಅದನ್ನು ತುಂಬಿಕೊಂಡು ಹೊರಟವು. ಬಿರುಗಾಳಿ ಬರುವ ಮುನ್ನ ನೀವು ಏನು ತಿನ್ನುವಿರೆಂದು ಹೇಳಬಲ್ಲ ವಿದ್ಯೆ ಇದು. ಆ ವಿದ್ಯೆಯನ್ನೇ ನಮ್ಮಲ್ಲಿಗೆ ತಂದವರಿಗೆ, ಎದುರು ನಿಂತ ಮುದುಕಿ ಯಾವ ಭಾಷೆ ಓದಬಲ್ಲಳೆಂಬುದು ತಿಳಿಯದೆ? ಕೊರತೆ ಶಕ್ತಿಯದಲ್ಲ, ಮನಸ್ಸಿನದು.

ಮೊಬೈಲ್ ನಂಬರಿನ ಮಾತಿಗೆ ಬರೋಣ. ನಂಬರು ಸುಮ್ಮನೆ ಕೇಳುವುದಲ್ಲ. ಈ ಸಲದ ಬಿಲ್ಲನ್ನೂ ಮುಂದಿನ ಸಲದ ಬಿಲ್ಲನ್ನೂ ಒಂದೇ ದಾರದಲ್ಲಿ ಪೋಣಿಸುವ ಸೂಜಿ ಅದು. ಯಾವ ಮನೆಯಲ್ಲಿ ಯಾವ ತಿಂಗಳು ಎಷ್ಟು ಎಣ್ಣೆ, ಕೂಸು ಹುಟ್ಟಿತೆ, ಸಕ್ಕರೆ ಕಾಯಿಲೆ ಬಂತೆ ಎಂಬುದೆಲ್ಲ ಆ ಸರದಲ್ಲಿ ಕಾಣುತ್ತದೆ. ನಂಬರು ಕೊಡಲೇಬೇಕೆಂದು ಗಿರಾಕಿಗಳನ್ನು ಒತ್ತಾಯಿಸಕೂಡದೆಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇ ತಿಂಗಳಲ್ಲಿ ವ್ಯಾಪಾರಿಗಳಿಗೆ ಸೂಚನೆ ಕೊಟ್ಟಿತು. ಅದೇ ವರ್ಷ ಆದ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು, ಮಾಹಿತಿ ಕೇಳುವವರು ಅದೇಕೆಂದು ತಿಳಿಸಬೇಕೆಂದೂ, ಆ ತಿಳಿವಳಿಕೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಾಗಲಿ ಓದುವ ಅವಕಾಶವಿರಬೇಕೆಂದೂ ಹೇಳಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಪೂರ್ತಿ ಜಾರಿಗೆ ಕಾಲಾವಕಾಶ ಕೊಟ್ಟಿದ್ದಾರೆ. ಎಂಟನೆಯ ಅನುಸೂಚಿಯಲ್ಲಿ ಕನ್ನಡವಿದೆ. ನಮ್ಮ ಅವ್ವನಿಗೆ ಯಾರೂ ಯಾವ ಭಾಷೆಯಲ್ಲೂ ಏನೂ ಹೇಳಲಿಲ್ಲ.

ಈಗ ನಮ್ಮವರ ಮಾತು. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಿದ್ದುಪಡಿಯಾಗಿ, ಅಂಗಡಿಯ ನಾಮಫಲಕದಲ್ಲಿ ಶೇಕಡಾ 60 ಭಾಗ ಕನ್ನಡವಿರಬೇಕೆಂದಾಯಿತು. ಒಳ್ಳೆಯದೆ. ಆದರೆ ಹಲಗೆ ಬೀದಿಯಲ್ಲಿ ಹೋಗುವವರಿಗೆ, ಬಿಲ್ಲು ಕೊಂಡವರಿಗೆ. ಹಲಗೆಯನ್ನು ಓದದಿದ್ದರೆ ನಷ್ಟ ಅಂಗಡಿಗೆ. ಬಿಲ್ಲನ್ನು ಓದಲಾಗದಿದ್ದರೆ ನಷ್ಟ ಬಡವರಿಗೆ. ಹಲಗೆಗಾಗಿ ಬೀದಿಗಿಳಿದ ನಾವು ಬಿಲ್ಲಿನ ವಿಷಯದಲ್ಲಿ ಬಾಯಿ ಹೊಲಿದುಕೊಂಡಿದ್ದೇವೆ. ನವೆಂಬರಿನಲ್ಲಿ ಶಾಲು ಹೊದ್ದು ಭಾಷಣ ಮಾಡುವ ನಮ್ಮಂಥ ಕನ್ನಡ ಅಧ್ಯಾಪಕರೇ ಈ ತಪ್ಪಿನಲ್ಲಿ ಮೊದಲಿಗರು. ಹತ್ತು ವರ್ಷದಿಂದ ಇಂಥ ಬಿಲ್ಲುಗಳನ್ನು ಮುದುರಿ ಜೇಬಿಗಿಟ್ಟುಕೊಂಡು ಬಂದವನು ನಾನು. ಅವ್ವ ಕೇಳುವವರೆಗೆ ನನಗೆ ಹೊಳೆಯಲಿಲ್ಲ.

ಈ ಸೀಮೆಗೆ ಇದು ಹೊಸ ಅನುಭವವೂ ಅಲ್ಲ. ಜಮಖಂಡಿ, ಮುಧೋಳ ಸಂಸ್ಥಾನಗಳ ಕಾಲದಲ್ಲಿ ಜನರ ಬಾಯಲ್ಲಿ ಕನ್ನಡ, ಕಚೇರಿಯ ಕಾಗದದಲ್ಲಿ ಮರಾಠಿ. ಅದೂ ಮೋಡಿ ಅಕ್ಷರ. ತನ್ನ ಹೊಲದ ಕಾಗದವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾದ ರೈತ, ಓದಿದವರು ಹೇಳಿದ್ದನ್ನೇ ನಂಬಬೇಕಾಗಿತ್ತು. 1948ರಲ್ಲಿ ಸಂಸ್ಥಾನಗಳು ಹೋದವು. 1956ರಲ್ಲಿ ನಾಡು ಒಂದಾಯಿತು. ಕಾಗದ ಕನ್ನಡಕ್ಕೆ ತಿರುಗಿತು. ಆ ಬವಣೆಯನ್ನೇ ಈಗ ತಣ್ಣಗಿನ ಗಾಳಿಯ ಜೊತೆಗೆ, ನಗುನಗುತ್ತ, ಮರಳಿ ಕೊಂಡುಕೊಳ್ಳುತ್ತಿದ್ದೇವೆ. ಹೆಣ್ಣುಮಕ್ಕಳು ಕನ್ನಡದಲ್ಲಿ ಹಾಡು ಕಟ್ಟಿದ ಊರು ಇದು. ಹರಿದಾಸಿಯರಲ್ಲಿ ಗಲಗಲಿ ಅವ್ವನ ಹೆಸರನ್ನು ಕೇಳದವರಾರು? ಆ ಊರಿನ ಓದುಬಲ್ಲ ಹೆಣ್ಣುಮಗಳು ಅಂಗಡಿಯ ಬಾಗಿಲು ದಾಟಿದೊಡನೆ ನಿರಕ್ಷರಿಯಾಗುತ್ತಾಳೆ. ಅಕ್ಷರ ಕಲಿಸಲು ಸರ್ಕಾರ ಶಾಲೆ ಕಟ್ಟುತ್ತದೆ. ಕಲಿತ ಅಕ್ಷರವನ್ನು ಕಸಿಯಲು ಒಂದು ಬಿಲ್ಲು ಸಾಕು.

ಸರ್ಕಾರದಿಂದ ನಾನು ಬೇಡುವುದು ಹೆಚ್ಚಿನದೇನಲ್ಲ. ಹಲಗೆಯ ಕಾನೂನಿಗೆ ಬಿಲ್ಲಿನ ಒಂದು ವಾಕ್ಯ ಸೇರಲಿ: ಈ ನಾಡಿನಲ್ಲಿ ಯಂತ್ರದಿಂದ ಬಿಲ್ಲು ಕೊಡುವ ಸರಣಿ ಅಂಗಡಿ, ಸರಕಿನ ಹೆಸರನ್ನು ಕನ್ನಡದಲ್ಲಿ ಕೊಡತಕ್ಕದ್ದು. ಬೇಕಾದವರಿಗೆ ಇಂಗ್ಲಿಷೂ ಇರಲಿ; ನನ್ನ ಆಕ್ಷೇಪಣೆಯಿಲ್ಲ. ಸಣ್ಣ ಅಂಗಡಿಯವರನ್ನು ಇದರಲ್ಲಿ ಎಳೆಯುವುದು ಬೇಡ.

ವಾಚಕರಿಂದ ಬೇಡುವುದು ಅದಕ್ಕಿಂತಲೂ ಕಡಿಮೆ. ಮುಂದಿನ ಸಲ ಕಟ್ಟೆಯ ಮುಂದೆ ನಿಂತಾಗ, ಹಿಂದೆ ಸಾಲು ಬೆಳೆದರೂ ಸರಿ, “ಕನ್ನಡದಾಗ ಬಿಲ್ ಕೊಡ್ರಿ” ಎಂದು ಕೇಳಿರಿ. ಆ ಹುಡುಗ ಇಲ್ಲವೆನ್ನುತ್ತಾನೆ. ಅವನ ಮೇಲೆ ರೇಗಬೇಡಿರಿ. ಅವನೂ ನಮ್ಮ ಓಣಿಯವನೆ. ಕೇಳಿದ್ದನ್ನು ಬರೆದು ಮೇಲಿನವರಿಗೆ ಕಳಿಸಲು ಹೇಳಿರಿ. ಗಿರಾಕಿ ಕೇಳಿದ್ದನ್ನೆಲ್ಲ ಲೆಕ್ಕವಿಡುವ ವಿದ್ಯೆ ಅವರದಲ್ಲವೆ? ಇದನ್ನೂ ಲೆಕ್ಕವಿಡಲಿ.

ನಾನು ಮೂರು ಸಲ ಕೇಳಿ ಬಂದಿದ್ದೇನೆ. ನಾಲ್ಕನೆಯ ಸಲ ಅವ್ವನೂ ಬರುತ್ತಾಳಂತೆ.