ಕರುಳಿನ ಜೀವಾಣುಗಳೂ ದೇಹಾರೋಗ್ಯವೂ

ಅವರೆ, ತೊಗರಿ, ಹುರುಳಿ ಮುಂತಾದ ಗಿಡಗಳ ಬೇರಿನ ಗಂಟುಗಳಲ್ಲಿ ಸೂಕ್ಷ್ಮ ಜೀವಾಣುಗಳು ವಾಸಿಸಿ, ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಪೈರಿಗೆ ಒದಗಿಸುವುವೆಂಬುದು ಅನುಭವಸ್ಥರಾದ ರೈತರಿಗೆ ತಿಳಿದ ವಿಷಯವಾಗಿದೆ. ಕಣ್ಣಿಗೆ ಕಾಣದ ಜೀವಿಗಳೆಲ್ಲವೂ ರೋಗಕಾರಕಗಳೆಂಬ ಭಾವನೆಯು ಹೊಲದ ಮಟ್ಟಿಗೆ ಹೇಗೆ ತಪ್ಪೋ ಮನುಷ್ಯ ದೇಹದ ಮಟ್ಟಿಗೂ ಹಾಗೆಯೇ ತಪ್ಪು.

ಮನುಷ್ಯನ ಶರೀರದಲ್ಲಿರುವ ಬ್ಯಾಕ್ಟೀರಿಯಗಳ ಸಂಖ್ಯೆಯು ಸುಮಾರು 38 ಲಕ್ಷ ಕೋಟಿಯೆಂದು 2016ರಲ್ಲಿ ಪ್ರಕಟವಾದ ಗಣನೆಯೊಂದರಿಂದ ತಿಳಿದುಬಂದಿದೆ. ಇವುಗಳಲ್ಲಿ ಬಹುಭಾಗವು ದೊಡ್ಡ ಕರುಳಿನಲ್ಲಿರುತ್ತದೆ. ಮನುಷ್ಯನು ಜೀರ್ಣಿಸಿಕೊಳ್ಳಲಾರದ ನಾರಿನ ಅಂಶವನ್ನು ಇವು ಹುಳಿಯುವಂತೆ ಮಾಡಿ ಕೆಲವು ಆಮ್ಲಗಳನ್ನುಂಟುಮಾಡುತ್ತವೆ. ಅವುಗಳಲ್ಲೊಂದಾದ ಬ್ಯುಟಿರಿಕ್ ಆಮ್ಲವು ಕರುಳಿನ ಒಳಪೊರೆಗೆ ಮುಖ್ಯಾಹಾರವಾಗಿದೆ. ಪೈರು ದಟ್ಟವಾಗಿರುವ ಹೊಲದಲ್ಲಿ ಕಳೆಗೆ ಎಡೆಯಿಲ್ಲದಿರುವಂತೆ, ಇವು ತುಂಬಿರುವ ಕರುಳಿನಲ್ಲಿ ರೋಗಾಣುಗಳು ನೆಲೆಯೂರುವುದು ಕಷ್ಟ.

ಕಳೆಗೆ ಹಾಕಿದ ವಿಷವು ಪೈರನ್ನೂ ಸುಡುವಂತೆ, ಆಂಟಿಬಯೋಟಿಕ್ ಔಷಧಗಳು ರೋಗಾಣುಗಳೊಡನೆ ಉಪಕಾರಿಗಳಾದ ಜೀವಾಣುಗಳನ್ನೂ ನಾಶಮಾಡುತ್ತವೆ. ಆಗ ತೆರವಾದ ಸ್ಥಳದಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್ ಎಂಬ ರೋಗಾಣುವು ಬೆಳೆದು ಕಠಿನವಾದ ಭೇದಿಯನ್ನುಂಟುಮಾಡುವುದುಂಟು. ಹಾಲೆಂಡಿನ ವೈದ್ಯರು, ಈ ಭೇದಿಯು ಮರಳಿ ಮರಳಿ ಬರುತ್ತಿದ್ದ 16 ಮಂದಿಯ ಕರುಳಿಗೆ ಆರೋಗ್ಯವಂತರ ಮಲದಿಂದ ಸಿದ್ಧಪಡಿಸಿದ ದ್ರಾವಣವನ್ನು ಒಂದೆರಡು ಸಲ ಸೇರಿಸಲಾಗಿ, 15 ಮಂದಿ ಗುಣಹೊಂದಿದರೆಂದು 2013ರಲ್ಲಿ ಪ್ರಕಟಿಸಿದರು. ವ್ಯಾಂಕೊಮೈಸಿನ್ ಔಷಧವನ್ನು ಮಾತ್ರ ಪಡೆದ 13 ಮಂದಿಯಲ್ಲಿ ಗುಣಹೊಂದಿದವರು ನಾಲ್ವರೇ. ಕೇಳುವುದಕ್ಕೆ ಅಸಹ್ಯವೆನಿಸಿದರೂ, ಕಳೆದುಹೋದ ಜೀವಾಣುಗಳ ಬೆಲೆಯು ಇದರಿಂದ ವ್ಯಕ್ತವಾಗುತ್ತದೆ.

ವ್ಯವಸಾಯಗಾರರಿಗೆ ಇನ್ನೂ ಹತ್ತಿರವಾದ ನಿದರ್ಶನವು ಬಾಂಗ್ಲಾದೇಶದ ಢಾಕಾ ನಗರದ್ದು. ಪೋಷಣೆ ಸಾಲದೆ ಸೊರಗಿದ್ದ, ಒಂದರಿಂದ ಒಂದೂವರೆ ವರ್ಷದ ಮಕ್ಕಳಿಗೆ ಅಲ್ಲಿ ಕಡಲೆ, ನೆಲಗಡಲೆ, ಸೋಯಾ ಹಿಟ್ಟು, ಬಾಳೆಕಾಯಿ ಇವುಗಳಿಂದ ಮಾಡಿದ ಆಹಾರವನ್ನು ಮೂರು ತಿಂಗಳು ಕೊಡಲಾಯಿತು. ಕರುಳಿನ ಜೀವಾಣುಗಳನ್ನು ಪೋಷಿಸುವ ಉದ್ದೇಶದಿಂದಲೇ ಈ ಪದಾರ್ಥಗಳನ್ನು ಆರಿಸಲಾಗಿತ್ತು. ರೂಢಿಯ ಪೌಷ್ಟಿಕಾಹಾರಕ್ಕಿಂತ ಇದರಲ್ಲಿ ಕ್ಯಾಲೊರಿಗಳು ಕಡಮೆಯಿದ್ದರೂ ಮಕ್ಕಳ ತೂಕವು ಹೆಚ್ಚು ಚೆನ್ನಾಗಿ ಏರಿತೆಂದು 2021ರಲ್ಲಿ ಪ್ರಕಟವಾಯಿತು.

ಇದು ವೈದ್ಯರ ವಿಷಯ, ಕೃಷಿ ಇಲಾಖೆಗೆ ಸಂಬಂಧಿಸಿದುದಲ್ಲವೆಂದು ಕೆಲವರು ಹೇಳಬಹುದು. ಆದರೆ ಕರುಳಿಗೆ ಬೇಕಾದ ಗೊಬ್ಬರವು ಬೆಳೆಯುವುದು ಹೊಲದಲ್ಲಿಯೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಸಹ ಇರುವುದಿಲ್ಲ. ಮಧುಮೇಹ, ಬೊಜ್ಜು ಮೊದಲಾದವುಗಳಿಗೂ ಈ ಜೀವಾಣುಗಳಿಗೂ ಸಂಬಂಧವು ಕಂಡುಬಂದಿದೆಯಾದರೂ, ಯಾವುದು ಕಾರಣ, ಯಾವುದು ಕಾರ್ಯವೆಂಬುದು ಇನ್ನೂ ನಿರ್ಣಯವಾಗಿಲ್ಲ. ಆದುದರಿಂದ ಕರುಳನ್ನು ಸರಿಪಡಿಸುವುದಾಗಿ ಅಂಗಡಿಗಳಲ್ಲಿ ಮಾರುವ ಪುಡಿಗಳಿಗೆ ಹಣ ಸುರಿಯುವುದಕ್ಕಿಂತ, ರಾಗಿಯ ಹೊಲದಲ್ಲಿ ಅವರೆ, ತೊಗರಿ, ಅಲಸಂದೆಗಳ ಅಕ್ಕಡಿ ಸಾಲುಗಳನ್ನು ಉಳಿಸಿಕೊಳ್ಳುವುದು ಲೇಸು.

ಈ ಕಾರ್ಯದಲ್ಲಿ ಊರಿನ ಯಜಮಾನರೂ ಜಮೀನುದಾರರೂ ಮೊದಲಿಗರಾಗತಕ್ಕದ್ದು. ಬೆಳೆದುದೆಲ್ಲವನ್ನೂ ಮಂಡಿಗೆ ಸಾಗಿಸದೆ, ಮನೆಯವರಿಗೂ ಕೂಲಿಯಾಳುಗಳ ಮಕ್ಕಳಿಗೂ ಸಾಲುವಷ್ಟು ಕಾಳನ್ನು ಕಣದಲ್ಲಿಯೇ ಎತ್ತಿಡಬೇಕು. ನೆಗಡಿಗೆ ಆಂಟಿಬಯೋಟಿಕ್ ಮಾತ್ರೆಗಳಿಂದ ಪ್ರಯೋಜನವಿಲ್ಲ. ವೈದ್ಯರ ಚೀಟಿಯಿಲ್ಲದೆ ಅವುಗಳನ್ನು ನುಂಗಬಾರದು. ಕೋಳಿ, ದನಕರುಗಳಿಗೂ ಪಶುವೈದ್ಯರ ಅಪ್ಪಣೆಯಿಲ್ಲದೆ ಕೊಡಬಾರದು. ಕೊಲಿಸ್ಟಿನ್ ಎಂಬ ಔಷಧವನ್ನು ಕೋಳಿ ಮುಂತಾದ ಆಹಾರದ ಪ್ರಾಣಿಗಳಿಗಾಗಿ ಮಾರುವುದನ್ನು ಭಾರತ ಸರ್ಕಾರವು 2019ರಲ್ಲಿಯೇ ನಿಷೇಧಿಸಿದೆ. ಭೂಮಿಯನ್ನು ಬಂಜರು ಬಿಡಲೊಪ್ಪದ ರೈತನು ತನ್ನ ಮಕ್ಕಳ ಕರುಳನ್ನು ಬಂಜರು ಬಿಡುವುದು ನ್ಯಾಯವಲ್ಲ.