ಮೌಸ್ ಹಿಡಿದ ಕೈಗೆ ಎರಡು ಪಾಳಿ

ಮಾಘ ಮಾಸ ಶುರುವಾದರೆ ಸಾಕು, ಫೋಟೊ ಸ್ಟುಡಿಯೋಗಳಿಂದ ಪೆನ್‌ಡ್ರೈವ್‌ಗಳು ಮನೆಗೆ ಬರತೊಡಗುತ್ತವೆ. ಒಂದು ಮದುವೆ ಎಂದರೆ ಸಾವಿರಗಟ್ಟಲೆ ಫೋಟೊ. ಅದರಲ್ಲಿ ಆರಿಸಿ, ಬಣ್ಣ ಸರಿಪಡಿಸಿ, ಮದುಮಗಳ ಮುಖದ ಮೊಡವೆ ಅಳಿಸಿ, ಹಿಂದೆ ಅಡ್ಡ ನಿಂತವರನ್ನು ತೆಗೆದುಹಾಕಿ, ಆಲ್ಬಂಗೆ ಪುಟ ಜೋಡಿಸಿ ಕೊಡಬೇಕು. ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲೇ ಕೂತು ಮಾಡಬಹುದಲ್ಲ ಎಂದು ಎಷ್ಟೋ ಗೃಹಿಣಿಯರು ಈ ಕೆಲಸ ಹಿಡಿದಿದ್ದಾರೆ. ವೈಶಾಖ ಮುಗಿಯುವ ಹೊತ್ತಿಗೆ ಅವರಲ್ಲಿ ಕೆಲವರ ಬಲಗೈ ದೋಸೆ ಮಗುಚಲೂ ಒಲ್ಲೆ ಎನ್ನುತ್ತದೆ.

'ಆಷಾಢ ಬಂದ್ರೆ ಮದುವೆ ಇರಲ್ಲ, ಆಗ ತಾನಾಗೇ ಸರಿಹೋಗುತ್ತೆ ಬಿಡಿ' ಎನ್ನುವವರೇ ಹೆಚ್ಚು. ನೀವೂ ಹಾಗೇ ಅಂದುಕೊಂಡಿದ್ದರೆ ಸ್ವಲ್ಪ ಯೋಚಿಸಿ.

ಮೌಸ್ ನೋಡಲು ಹಗುರ. ಆದರೆ ಫೋಟೊ ತಿದ್ದುವಾಗ ಅದನ್ನು ಬರೀ ಓಡಿಸುವುದಿಲ್ಲ. ಗುಂಡಿ ಒತ್ತಿ ಹಿಡಿದುಕೊಂಡೇ ಕೂದಲೆಳೆಯಷ್ಟು ಸೂಕ್ಷ್ಮವಾಗಿ ಎಳೆಯಬೇಕು. ಬೆರಳು ಬಿಗಿ, ಮಣಿಕಟ್ಟು ಹಿಂದಕ್ಕೆ ಬಾಗಿರುತ್ತದೆ, ಭುಜ ಗೊತ್ತಿಲ್ಲದೇ ಮೇಲೇರಿರುತ್ತದೆ. ಒಂದೇ ಸ್ನಾಯುವಿಗೆ ಬಿಡುವಿಲ್ಲದ ದುಡಿಮೆ. ಕೈಯಲ್ಲಿ ಜೋಮು ಬಂದ ಕೂಡಲೇ 'ಕಾರ್ಪಲ್ ಟನಲ್' ಎಂದು ಹೆದರಬೇಡಿ. ಮೌಸ್‌ಗೂ ಆ ಕಾಯಿಲೆಗೂ ಇರುವ ನಂಟು ಜನ ಹೇಳುವಷ್ಟು ಗಟ್ಟಿಯಾಗಿ ಸಾಬೀತಾಗಿಲ್ಲ. ಆದರೆ ಗಂಟೆಗಟ್ಟಲೆ ಮೌಸ್ ಹಿಡಿದರೆ ಮಣಿಕಟ್ಟು, ಮುಂಗೈ ನೋಯುವುದಂತೂ ನಿಜ.

ವೈದ್ಯರ ಹತ್ತಿರ ಹೋದರೆ ಮೊದಲು ಹೇಳುವ ಮಾತು 'ಕೈಗೆ ರೆಸ್ಟ್ ಕೊಡಿ'. ಎಲ್ಲಿಂದ ಕೊಡೋಣ ಹೇಳಿ? ಆಫೀಸಿನಲ್ಲಿ ಕಂಪ್ಯೂಟರ್ ಮುಚ್ಚಿಟ್ಟು ಬಂದವರ ಕೈ ಟೀವಿ ರಿಮೋಟ್ ಹಿಡಿಯುತ್ತದೆ. ನಮ್ಮ ಕೈ ನೇರ ಚಪಾತಿ ಲಟ್ಟಣಿಗೆಗೆ ಹೋಗುತ್ತದೆ. ಅಲ್ಲಿಂದ ಬಟ್ಟೆ ಹಿಂಡಲು, ಕಾಯಿ ತುರಿಯಲು, ಪಾತ್ರೆ ಉಜ್ಜಲು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಹೇಳುವಂತೆ, 15ರಿಂದ 59 ವರ್ಷದೊಳಗಿನ, ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ 305 ನಿಮಿಷ ಕೊಡುತ್ತಾರೆ. 2019ರಲ್ಲಿ ಇದು 315 ಇತ್ತು. ಐದು ವರ್ಷದಲ್ಲಿ ಉಳಿದದ್ದು ಹತ್ತೇ ನಿಮಿಷ! ಐದು ಗಂಟೆಯ ಈ ಪಾಳಿಯ ಮೇಲೆ ಮೌಸ್‌ನ ನಾಲ್ಕೈದು ಗಂಟೆ ಸೇರಿದರೆ ಕೈ ಏನಾದೀತು? ನೋವಿನ ಅರ್ಧ ಕಾರಣ ಅಡುಗೆಮನೆಯಲ್ಲೂ ಇದೆ. ಮೌಸ್ ಬದಲಿಸಿದ ಮಾತ್ರಕ್ಕೆ ಅದು ಹೋಗದು.

ಈಗ ಕೃತಕ ಬುದ್ಧಿಮತ್ತೆ ಬಂದಿದೆ, ಕೆಲಸ ಹಗುರವಾಗಬೇಕಿತ್ತು. 2023ರಿಂದ ಫೋಟೊಶಾಪ್‌ನಲ್ಲಿ ಬೇಡದ್ದನ್ನು ಅಳಿಸಿ ಹಿನ್ನೆಲೆ ತುಂಬುವುದು ಕ್ಷಣದ ಕೆಲಸ. ಆದರೆ ಲೆಕ್ಕ ಬೇರೆಯೇ ಇದೆ. 'ಈಗ ಬೇಗ ಆಗುತ್ತಲ್ಲಾ ಮೇಡಂ' ಎಂದು ಫೋಟೊ ಲೆಕ್ಕದ ದರ ಇಳಿಸಿದರೆ, ಅದೇ ಹಣಕ್ಕೆ ಹೆಚ್ಚು ಫೋಟೊ ತಿದ್ದಬೇಕು. ಯಂತ್ರ ಉಳಿಸಿಕೊಟ್ಟ ಕ್ಲಿಕ್ಕುಗಳೆಲ್ಲ ಮತ್ತೆ ನಮ್ಮ ಬೆರಳಿಗೇ ಬಂದು ಬೀಳುತ್ತವೆ.

ಇನ್ನು ಕಾನೂನು. 2025ರ ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಕೆಲಸಗಾರರಿಗೆ ನೇಮಕ ಪತ್ರ ಕೊಡಲೇಬೇಕು, 40 ದಾಟಿದವರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಆಗಬೇಕು ಎಂದೆಲ್ಲ ಅದರಲ್ಲಿದೆ. ಕೇಳಲು ಚೆನ್ನ. ಆದರೆ ಫೋಟೊಗೆ ಇಷ್ಟು ಎಂದು ವಾಟ್ಸ್ಆ್ಯಪ್‌ನಲ್ಲಿ ಒಪ್ಪಂದವಾಗುವ ನಮಗೆ ನೇಮಕ ಪತ್ರ ಕೊಡುವವರಾರು? ಮನೆಯಲ್ಲೇ ಕೂತು ದುಡಿಯುವವರ ವ್ಯಾಖ್ಯೆ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಇದೆ, ಅಷ್ಟೇ. ಅವರಿಗೇನು ಸಿಗಬೇಕು ಎಂಬುದು ಸರ್ಕಾರಗಳು ಮಾಡುವ ಯೋಜನೆಗೆ ಬಿಟ್ಟದ್ದು. ಕರ್ನಾಟಕ 2025ರಲ್ಲೇ ತಂದ ಗಿಗ್ ಕಾರ್ಮಿಕರ ಕಾಯ್ದೆಯೂ ಆ್ಯಪ್‌ನಂಥ ವೇದಿಕೆಗಳ ಮೂಲಕ ಕೆಲಸ ಪಡೆಯುವವರಿಗೆ. ಪಕ್ಕದ ಬೀದಿಯ ಸ್ಟುಡಿಯೋದಿಂದ ಪೆನ್‌ಡ್ರೈವ್ ತರುವವಳು ಅದರೊಳಗೆ ಬರುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2010ರಲ್ಲೇ ತನ್ನ ವೃತ್ತಿ ಕಾಯಿಲೆಗಳ ಪಟ್ಟಿಗೆ ಮಣಿಕಟ್ಟಿನ ಇಂಥ ತೊಂದರೆಗಳನ್ನು ಸೇರಿಸಿದೆ. ನಮ್ಮ ಮನೆಯಲ್ಲಿ ಮಾತ್ರ ಅದಕ್ಕಿನ್ನೂ 'ಹೊತ್ತು ಕಳೆಯಲು ಮಾಡೋ ಕೆಲಸ' ಎಂಬ ಹೆಸರು. ಕನಿಷ್ಠ ಅಸಂಘಟಿತ ಕಾರ್ಮಿಕರ ಇ-ಶ್ರಮ್‌ನಲ್ಲಿ ಹೆಸರು ಬರೆಸಲು ಬರುತ್ತದೆಯೇ ನೋಡಿ. ಪಿಎಫ್, ಇಎಸ್ಐ ಇಲ್ಲದ, ಆದಾಯ ತೆರಿಗೆ ಕಟ್ಟದ, 16ರಿಂದ 59 ವರ್ಷದವರಿಗೆ ಅದು ತೆರೆದಿದೆ.

ಕಾನೂನು ಬರುವಾಗ ಬರಲಿ, ಕೈ ಇವತ್ತೇ ನೋಯುತ್ತಿದೆಯಲ್ಲ. ಮೊದಲು ಕೂರುವ ಜಾಗ ನೋಡಿ. ಹೆಚ್ಚಿನವರದು ಊಟದ ಮೇಜು. ಅದು ಮೌಸ್‌ಗೆ ಎತ್ತರವಾಯಿತು. ಕುರ್ಚಿಗೆ ಒಂದು ಗಟ್ಟಿ ದಿಂಬು ಹಾಕಿ ಮೊಣಕೈ ಮೇಜಿನ ಮಟ್ಟಕ್ಕೆ ಬರುವಂತೆ ಕೂತು, ಕಾಲಿನಡಿ ಮಣೆ ಇಡಿ. ಮೇಜಿನ ಅಂಚಿಗೆ ಮಣಿಕಟ್ಟು ಊರಬೇಡಿ. ಕೀಬೋರ್ಡಿನ ಬಲತುದಿಯಲ್ಲಿ ಅಂಕಿಗಳ ಸಾಲು ಇರುವುದರಿಂದ ಮೌಸ್ ದೂರ ಹೋಗಿ ತೋಳು ಚಾಚಬೇಕಾಗುತ್ತದೆ. ಆ ಸಾಲಿಲ್ಲದ ಚಿಕ್ಕ ಕೀಬೋರ್ಡ್ ಸಿಗುತ್ತದೆ. ಮೌಸ್ ಅಂಗೈ ತುಂಬುವಷ್ಟಿರಲಿ. ಲ್ಯಾಪ್‌ಟಾಪ್ ಜೊತೆಗಿನ ಪುಟ್ಟ ಮೌಸ್ ಹಿಡಿಯಲು ಬೆರಳು ಚಿವುಟಿದಂತೆ ಬಿಗಿಯಾಗುತ್ತವೆ.

ಎಡಗೈ ಸುಮ್ಮನೆ ಕೂತಿದೆಯಲ್ಲ, ಅದಕ್ಕೂ ಕೆಲಸ ಕೊಡಿ. ಫೋಟೊಶಾಪ್‌ನಲ್ಲಿ ಕುಂಚ ದೊಡ್ಡದು ಚಿಕ್ಕದು ಮಾಡಲು ಚೌಕ ಆವರಣದ ಕೀಲಿಗಳಿವೆ, ಸ್ಪೇಸ್ ಒತ್ತಿ ಹಿಡಿದರೆ ಫೋಟೊ ಸರಿಸಬಹುದು. ಒಂದೇ ಬಗೆಯ ತಿದ್ದುಪಡಿಯನ್ನು 'ಆ್ಯಕ್ಷನ್' ಆಗಿ ಒಮ್ಮೆ ಉಳಿಸಿಟ್ಟರೆ ಇಡೀ ಫೋಲ್ಡರಿಗೆ ಅದೇ ಓಡುತ್ತದೆ. ಇದೊಂದನ್ನು ಕಲಿತರೆ ಉಳಿಯುವ ಕ್ಲಿಕ್ಕುಗಳಿಗೆ ಲೆಕ್ಕವಿಲ್ಲ. ವಿಂಡೋಸ್‌ನ ಮೌಸ್ ಸೆಟ್ಟಿಂಗ್ಸ್‌ನಲ್ಲಿ 'ಕ್ಲಿಕ್‌ಲಾಕ್' ಎಂಬುದಿದೆ, ಹಾಕಿಕೊಂಡರೆ ಗುಂಡಿ ಒತ್ತಿ ಹಿಡಿಯದೇ ಎಳೆಯಬಹುದು. ಮುಖ ತಿದ್ದುವ ಕೆಲಸ ದಿನವೂ ಇದ್ದರೆ ಪೆನ್ ಟ್ಯಾಬ್ಲೆಟ್ ತೆಗೆದುಕೊಳ್ಳಿ. ಮೊದಲೊಂದು ವಾರ ಕೈ ಒಗ್ಗದು, ಸಿಟ್ಟೂ ಬರುತ್ತದೆ. ಆಮೇಲೆ ರಂಗೋಲಿ ಎಳೆ ಹಾಕಿದಷ್ಟೇ ಸಲೀಸು. ಪೆನ್ನನ್ನೂ ಬಿಗಿಯಾಗಿ ಹಿಡಿದರೆ ಮಾತ್ರ ಅದೇ ಕಥೆ.

ಅರ್ಧ ಗಂಟೆಗೊಮ್ಮೆ ಮೊಬೈಲ್‌ನಲ್ಲಿ ಅಲಾರಂ ಇಟ್ಟು ಎದ್ದುಬಿಡಿ. ಎದ್ದವರು ಪಾತ್ರೆ ಉಜ್ಜಲು ಹೋಗಬೇಡಿ! ಕೈ ಜೋತುಬಿಟ್ಟು ಎರಡು ನಿಮಿಷ ಓಡಾಡಿ. ಸೀಸನ್‌ನಲ್ಲಿ ಹಿಂಡುವ, ತುರಿಯುವ, ಲಟ್ಟಿಸುವ ಮೂರು ಕೆಲಸ ಮನೆಯ ಬೇರೆಯವರದ್ದು ಎಂದು ಮೊದಲೇ ಹೇಳಿಬಿಡಿ. 'ಅಮ್ಮನ ಕೈ ನೋವು' ಎಂದರೆ ಒಂದು ದಿನ ಕೇಳುತ್ತಾರೆ, ಮರುದಿನ ಮರೆಯುತ್ತಾರೆ. ಫ್ರಿಜ್ ಮೇಲೆ ಬರೆದು ಅಂಟಿಸಿ. ಸ್ಟುಡಿಯೋದವರಿಗೂ ಅಷ್ಟೇ: ಒಪ್ಪಿಸುವ ದಿನ ಹೇಳುವಾಗ ಎರಡು ದಿನ ಸೇರಿಸಿ ಹೇಳಿ. ಒಂದು ಆಲ್ಬಂಗೆ ನಿಮಗೆಷ್ಟು ಗಂಟೆ ಹಿಡಿಯಿತು ಎಂದು ಬರೆದಿಟ್ಟರೆ ದರದ ಮಾತಿಗೆ ನಿಮ್ಮ ಕೈಯಲ್ಲೊಂದು ಲೆಕ್ಕ ಇರುತ್ತದೆ.

ಹೆಬ್ಬೆರಳಿನ ಬುಡದಲ್ಲಿ ಮಣಿಕಟ್ಟಿನ ಬದಿಗೆ ಚುಚ್ಚಿದಂತಾದರೆ ಅದು ಅಲ್ಲಿನ ಸ್ನಾಯುರಜ್ಜುವಿನ ಊತ ಇರಬಹುದು. ಎಳೆಕೂಸು ಎತ್ತಿಕೊಳ್ಳುವ ತಾಯಂದಿರಲ್ಲೂ ಇದು ಸಾಮಾನ್ಯ. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ರಾತ್ರಿ ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ, ಕೈಯಿಂದ ಲೋಟ ಜಾರುತ್ತಿದ್ದರೆ ಮೂಳೆ ವೈದ್ಯರನ್ನು ಕಾಣಲು ಆಷಾಢದ ತನಕ ಕಾಯಬೇಡಿ. ಥೈರಾಯ್ಡ್, ಸಕ್ಕರೆ ಕಾಯಿಲೆ, ಗರ್ಭ ಇವೂ ಕಾರಣವಾಗಬಹುದು. ರಕ್ತ ಪರೀಕ್ಷೆ ಬೇಕೇ ಎಂದು ಕೇಳಿ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿ ಮತ್ತೆ ಮೌಸ್ ಹಿಡಿಯುವುದು, ಎಣ್ಣೆ ಹಾಕಿ ಗಟ್ಟಿಯಾಗಿ ತಿಕ್ಕಿಸಿಕೊಳ್ಳುವುದು ಬೇಡ. ಜೋಮಿಗೆ ರಾತ್ರಿ ಮಲಗುವಾಗ ಮಣಿಕಟ್ಟು ನೇರವಾಗಿಡುವ ಪಟ್ಟಿ ಕಟ್ಟಿಕೊಳ್ಳಲು ವೈದ್ಯರು ಹೇಳಬಹುದು. ಅಳತೆ ಸರಿಯಾದದ್ದನ್ನೇ ತನ್ನಿ, ಬಿಗಿಯಾದರೆ ಜೋಮು ಹೆಚ್ಚುತ್ತದೆ.